ಹರಿಣಿ ವಾರ್ಡಿಗೆ ಹೋಗದ ಹನ್ನೊಂದು ದಿನ

ಮಾತಾಡುವಾಗ ಹರಿಣಿಯ ಬಲಗೈ ಸುಮ್ಮನಿರುತ್ತಿರಲಿಲ್ಲ. ಹೆಬ್ಬೆರಳು ಪಕ್ಕದ ಎರಡು ಬೆರಳನ್ನು ಒತ್ತಿ ಬಿಡುತ್ತಿತ್ತು. ಸ್ವಲ್ಪ ತಡೆದು ಮತ್ತೆ ಒತ್ತುತ್ತಿತ್ತು. ದುಪಟ್ಟಾದ ಅಂಚು ಸಿಕ್ಕಿದರೆ ಅಂಚು, ನಾನು ಕಲಸಿಟ್ಟ ಚಪಾತಿ ಹಿಟ್ಟು ಸಿಕ್ಕಿದರೆ ಹಿಟ್ಟು. ಮೊದಮೊದಲು ಅದೊಂದು ಅಭ್ಯಾಸ ಅಂದುಕೊಂಡಿದ್ದೆ. ಕೆಲವರು ಕಾಲು ಅಲ್ಲಾಡಿಸುವುದಿಲ್ಲವೇ, ಹಾಗೆ.

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅವಳು ಎರಡು ವರ್ಷ ಬಾಡಿಗೆಗಿದ್ದಳು. ಉಕ್ರೇನಿನಲ್ಲಿ ಡಾಕ್ಟರಿಕೆ ಓದಿದವಳು. ಕೊನೆಯ ವರ್ಷದಲ್ಲಿ ಯುದ್ಧ ಶುರುವಾಗಿ, ಒಂದು ಬ್ಯಾಗು ಹಿಡಿದುಕೊಂಡು ಊರಿಗೆ ಬಂದು, ಉಳಿದ ಪಾಠವನ್ನು ಫೋನಿನಲ್ಲೇ ಕೇಳಿ ಡಿಗ್ರಿ ಮುಗಿಸಿದ್ದಳು. ಹೊರದೇಶದಲ್ಲಿ ಓದಿದವರಿಗೆ ಇಲ್ಲೊಂದು ಪರೀಕ್ಷೆ ಇದೆ. ಅದನ್ನು ಎರಡನೇ ಸಲಕ್ಕೆ ಪಾಸು ಮಾಡಿದಳು. ಆಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಇಲ್ಲೇ ಓದಿದವರಿಗೆ ಒಂದು ವರ್ಷ, ಕೊನೆಯ ವರ್ಷ ಫೋನಿನಲ್ಲಿ ಓದಿದವರಿಗೆ ಎರಡು.

"ಅರ್ಧ ಡಾಕ್ಟ್ರು ಅಕ್ಕ ನಾನು," ಎಂದು ನಗುತ್ತಿದ್ದಳು. "ಇನ್ನರ್ಧ ತಪಾಲಲ್ಲಿದೆ."

ಅವಳ ಆಸೆ ಒಂದೇ: ಹಸುಗೂಸುಗಳ ಡಾಕ್ಟರಾಗಬೇಕು. ಅದಕ್ಕೆ ಮಕ್ಕಳ ವಿಭಾಗದಲ್ಲಿ ಎಂ.ಡಿ. ಮಾಡಬೇಕು, ಎಂ.ಡಿ.ಗೆ ಇನ್ನೊಂದು ಪರೀಕ್ಷೆ. ಆ ಪರೀಕ್ಷೆಗೊಂದು ನಿಯಮವಿತ್ತು. ಜುಲೈ ಮುಗಿಯುವುದರೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕು. ಒಂದು ದಿನ ಹೆಚ್ಚಾದರೂ ಆ ವರ್ಷಕ್ಕೆ ಅರ್ಹತೆ ಇಲ್ಲ. ಹರಿಣಿಯದು ಜುಲೈ ಕೊನೆಯ ವಾರದಲ್ಲಿ ಮುಗಿಯುವಂತಿತ್ತು. ಹಿಂದಿನ ಮಳೆಗಾಲದಲ್ಲಿ ಡೆಂಗೆ ಬಂದು, ಇದ್ದಬದ್ದ ರಜೆಯೆಲ್ಲ ಹಾಸಿಗೆಯಲ್ಲೇ ತೀರಿತ್ತು. ಇನ್ನು ಜಾರಲು ಅವಳಿಗಿದ್ದದ್ದು ಮೂರೋ ನಾಲ್ಕೋ ದಿನ.

ಅವಳನ್ನು ಮನೆಗೆ ಸೇರಿಸಿಕೊಂಡ ದಿನವನ್ನೂ ಬರೆಯಬೇಕು. ಅವಳ ಅಪ್ಪ ಗಂಗರಾಜು ಅವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ಊರು ಶಿಡ್ಲಘಟ್ಟದಿಂದಾಚೆ. ನಮ್ಮತ್ತೆ ಅಮ್ಮಾಜಮ್ಮ ಜಗುಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತ, "ಯಾರ ಪೈಕಿ ನೀವು?" ಎಂದು ಕೇಳಿದರು. ಗಂಗರಾಜು ಅವರು ನಿಂತಲ್ಲೇ, "ಬೌದ್ಧರಮ್ಮ. ಮುಂಚೆ ಏನಾಗಿದ್ವಿ ಅಂತ ನಿಮಗೂ ಗೊತ್ತಿರತ್ತೆ," ಅಂದರು. ಅತ್ತೆಯ ಕೈಯಲ್ಲಿ ಕಾಯಿ ಹಾಗೇ ನಿಂತಿತು. ನನ್ನ ಗಂಡ ರಮೇಶ್‌ಬಾಬು ಹೂವಿನ ಮಂಡಿಯವರು, ಮಾತಿಗೆ ತಡಮಾಡುವವರಲ್ಲ. "ಡಾಕ್ಟ್ರು ಮನೇಲೇ ಇದ್ರೆ ನಿನ್ ಬಿಪಿಗೆ ಒಳ್ಳೇದು ಕಣಮ್ಮ," ಅಂದುಬಿಟ್ಟರು. ಕೋಣೆ ಕೊಟ್ಟಾಯಿತು. ತಿಂಗಳೊಳಗೆ ಅತ್ತೆ, "ಡಾಕ್ಟ್ರಮ್ಮಾ, ಸ್ವಲ್ಪ ಆ ಪಟ್ಟಿ ಕಟ್ಟಿ ನೋಡು," ಎಂದು ತೋಳು ಚಾಚತೊಡಗಿದ್ದರು. ನೀರಿನ ಲೋಟ ಮಾತ್ರ ಅವಳಿಗೆ ಬೇರೆಯೇ ಇತ್ತು. ಅದನ್ನು ನಾನು ಒಂದು ದಿನ ಮಿಕ್ಕವುಗಳ ಜೊತೆ ಬೆರೆಸಿ ತೊಳೆದಿಟ್ಟೆ. ಯಾರೂ ಏನೂ ಕೇಳಲಿಲ್ಲ.

ಬೆರಳಿನ ಆ ಆಟ ಶುರುವಾದದ್ದು ನಾನು ಬಸುರಿಯಾಗಿದ್ದಾಗ, ಅದರ ಗುಟ್ಟು ನನಗೆ ಹೊಳೆದದ್ದು ಬಹಳ ತಡವಾಗಿ. ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯಿಂದ ಬಂದವಳು ಮಹಡಿ ಹತ್ತದೆ ಮೆಟ್ಟಿಲ ಮೇಲೇ ಕೂತಳು. ಬೆಳಿಗ್ಗೆ ಹುಟ್ಟಿದ ಒಂದು ಗಂಡುಮಗು, ಹೃದಯದಲ್ಲೇ ದೋಷ. ಇಲ್ಲಿ ಮಾಡಬಹುದಾದ್ದನ್ನೆಲ್ಲ ಮಾಡಿ ಬೆಂಗಳೂರಿಗೆ ಕಳಿಸಿದ್ದರು. ಆಂಬುಲೆನ್ಸಿನಲ್ಲಿ ಹರಿಣಿ, ಹಿರಿಯ ನರ್ಸ್ ಅನಸೂಯಮ್ಮ, ಮುರುಗಮಲ್ಲದ ಕಡೆಯವರಾದ ಮಗುವಿನ ಅಜ್ಜಿ. ಉಸಿರು ತುಂಬುವ ಚೀಲವನ್ನು ಹರಿಣಿ ಬೆರಳಿನಲ್ಲಿ ಒತ್ತುತ್ತ ಹೋಗಿದ್ದಾಳೆ. ಹಸುಗೂಸಿನದಾದ್ದರಿಂದ ಚೀಲ ಅಂಗೈಯಗಲ, ಒತ್ತುವುದೂ ಮೆಲ್ಲಗೆ. ದೇವನಹಳ್ಳಿ ದಾಟುವಾಗ ಮಗುವಿನ ಬಣ್ಣ ಹೋಯಿತು. ಅನಸೂಯಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ತಲೆ ಬಗ್ಗಿಸಿದರು. ಹರಿಣಿ ನಿಲ್ಲಿಸಲಿಲ್ಲ. ಹೆಬ್ಬಾಳ ಬರುವವರೆಗೂ ಒತ್ತುತ್ತಲೇ ಇದ್ದಳು. ಕೊನೆಗೆ ಆ ಅಜ್ಜಿಯೇ ಅವಳ ಮಣಿಕಟ್ಟು ಹಿಡಿದು, "ಸಾಕು ಬಿಡಮ್ಮ. ಅದು ಆಗ್ಲೇ ಹೋಯ್ತು. ನಿನ್ ಕೈ ನೋಯ್ತದೆ," ಅಂದರಂತೆ.

"ಅವ್ರು ನನ್ನ ಬೈಯಲಿಲ್ಲ ಅಕ್ಕ," ಅಂದಳು ಹರಿಣಿ. "ಬೈದಿದ್ರೆ ಚೆನ್ನಾಗಿತ್ತು."

ನನ್ನ ಹೊಟ್ಟೆಯ ಮೇಲೆ ನನಗೇ ತಿಳಿಯದೆ ಕೈ ಹೋಯಿತು. ಅದನ್ನು ಅವಳು ನೋಡಿದಳು. ಎದ್ದು ಮೇಲೆ ಹೋದಳು. ಆ ಸಂಜೆ ಅವಳ ಪಾಲಿನ ಅನ್ನ ಸಾರು ಮೇಲಕ್ಕೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಗೋಡೆಗೆ ಒರಗಿ ಕೂತು, ಮಡಿಲಲ್ಲಿಟ್ಟ ಕೈಯನ್ನೇ ನೋಡುತ್ತಿದ್ದಳು. ಆ ಕೈ ಅವಳದಲ್ಲ, ಯಾರೋ ಅಲ್ಲಿಟ್ಟು ಹೋದದ್ದು ಅನ್ನುವ ಹಾಗೆ.

ಜನವರಿಯಲ್ಲಿ ನನ್ನ ಮಗಳು ಹುಟ್ಟಿದಳು. ಹರಿಣಿ ಡ್ಯೂಟಿಯಲ್ಲಿರಲಿಲ್ಲ, ಆದರೂ ಬಂದು ನನ್ನ ತಲೆಯ ಹತ್ತಿರ ನಿಂತಿದ್ದಳು. ಮನೆಗೆ ಬಂದ ಮೇಲೆ ಪಾಪುವಿಗೆ ಸ್ನಾನ ಮಾಡಿಸುವುದರಿಂದ ಹಿಡಿದು ತೇಗಿಸುವುದರವರೆಗೂ ಅವಳೇ. ನನಗೆ ಕಣ್ತುಂಬ ನಿದ್ದೆ ಕೊಟ್ಟವಳು ಅವಳು. ತಾಯಿಯಾದವರಿಗೆ ಇದರ ಬೆಲೆ ಗೊತ್ತು.

ಜೂನ್ ಕೊನೆಯಲ್ಲಿ ಊರಿಂದ ಫೋನ್ ಬಂತು. ಅವಳ ಅಜ್ಜಿ ಅಕ್ಕಯಮ್ಮ ತೀರಿಹೋಗಿದ್ದರು. ಆಗ ಹರಿಣಿಯ ಪಾಳಿ ನವಜಾತ ಶಿಶುಗಳ ವಾರ್ಡಿನಲ್ಲಿ. "ನಾಡಿದ್ದು ಬಂದ್ಬಿಡ್ತೀನಿ ಅಕ್ಕ," ಎಂದು ಹೊರಟಳು.

ನಾಡಿದ್ದು ಬರಲಿಲ್ಲ. ಮೂರನೇ ದಿನ ಪಾಪುವನ್ನು ಅತ್ತೆಯ ಹತ್ತಿರ ಬಿಟ್ಟು, ನಾನೂ ರಮೇಶ್‌ಬಾಬು ಅವರೂ ಮಾತಾಡಿಸಿಕೊಂಡು ಬರಲು ಹೋದೆವು. ನಡುಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು, ಕೆಳಗೆ ಅಕ್ಕಯಮ್ಮನವರ ಒಂದು ಹಳೆಯ ಫೋಟೊ ಇಟ್ಟು ಮೇಣದ ಬತ್ತಿ ಹಚ್ಚಿದ್ದರು. ಹರಿಣಿಯ ಅಮ್ಮ ಆಂಜಿನಮ್ಮ ಕಾಫಿ ತಂದುಕೊಟ್ಟರು. ನಾವು ಕೂತಿರುವಾಗಲೇ ಗಂಗರಾಜು ಅವರು ಮಗಳಿಗೆ ಹೇಳಿದರು:

"ನಾಳೆ ಫಸ್ಟ್ ಬಸ್ಸಿಗೆ ಹೊರಡಮ್ಮ."

"ಇಲ್ಲಪ್ಪ."

"ಇಲ್ಲ ಅಂದ್ರೆ? ಜುಲೈ ದಾಟಿದ್ರೆ ಈ ವರ್ಷ ಹೋಯ್ತು ಅಂತ ನೀನೇ ತಾನೆ ಹೇಳಿದ್ದು?"

"ಹೂಂ."

"ಮತ್ತೆ? ಸೂತಕ ಗೀತಕ ಎಲ್ಲಾ ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲಮ್ಮ ಈ ಮನೇಲಿ. ಹೆತ್ತ ತಾಯಿಗೆ ನಾನೇ ಹನ್ನೊಂದು ದಿನ ಹಿಡೀತಿಲ್ಲ. ನಾಳೆ ಕಂಬ ಹತ್ತಕ್ಕೆ ಹೋಗ್ತೀನಿ ನಾನು. ಡಾಕ್ಟ್ರಾಗಿ ನೀನು..."

"ಕಂಬಕ್ಕೆ ಏನೂ ಆಗಲ್ಲಪ್ಪ," ಅಂದಳು ಹರಿಣಿ.

ಗಂಗರಾಜು ಅವರು ಎದ್ದು ಅಂಗಳಕ್ಕೆ ಹೋಗಿ ಮೋಟಾರ್‌ಸೈಕಲ್ಲಿನ ಕನ್ನಡಿಯನ್ನು ಒರೆಸಿದ್ದೇ ಒರೆಸಿದ್ದು.

ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಹಿತ್ತಲಾಚೆ ಹಿಪ್ಪುನೇರಳೆ ತೋಟ, ಅದರಾಚೆ ತಗಡಿನ ಚಾವಣಿಯ ಉದ್ದನೆ ಹುಳುಮನೆ. ರೇಷ್ಮೆಹುಳು ಸಾಕುವ ಆ ಮನೆ ಆವಲಪ್ಪನವರದು. ಅಕ್ಕಯಮ್ಮ ಅಲ್ಲಿ ಸೊಪ್ಪು ಹಾಕುವ ಆಳಾಗಿದ್ದವರು. ಹರಿಣಿ ಅದರ ಕಡೆ ನೋಡುತ್ತ ಹೇಳಿದಳು. ಅವಳು ಚಿಕ್ಕವಳಿದ್ದಾಗ, ಊರಲ್ಲಿ ಯಾರೋ ತೀರಿಕೊಂಡು, ಮಕ್ಕಳೆಲ್ಲ ತಮಟೆಯ ಹಿಂದೆ ಮಸಣದವರೆಗೂ ಹೋಗಿದ್ದರಂತೆ. ಅಲ್ಲಿಂದ ಇವಳು ನೆಟ್ಟಗೆ ಅಜ್ಜಿಯನ್ನು ಹುಡುಕಿಕೊಂಡು ಹುಳುಮನೆಗೆ ನುಗ್ಗಿ, ತಾನೂ ಒಂದು ಹಿಡಿ ಸೊಪ್ಪು ಹಾಕಿದಳು. ಸಾವಿನ ಮನೆಯಿಂದ ಬಂದವರು ಹುಳುಮನೆಗೆ ಕಾಲಿಡಬಾರದು. ಈ ಸೀಮೆಯಲ್ಲಿ ಕೂಸುಮರಿಗೂ ಗೊತ್ತಿರುವ ಮಾತು. ಅದೇ ವಾರ ಹುಳುಗಳು ಊದಿಕೊಂಡು, ಮೈಯಿಂದ ಹಾಲಿನಂಥದ್ದು ಒಸರಿ, ತಟ್ಟೆ ತಟ್ಟೆಯೇ ಸತ್ತವು. ಯಾರು ಬಂದಿದ್ದರು ಎಂದು ಆವಲಪ್ಪನವರು ಕೇಳಿದಾಗ ಅಕ್ಕಯಮ್ಮ, "ನಾನೇ ಸಾವಿನ ಮನೇಗೆ ಹೋಗ್ಬಂದಿದ್ದೆ ಸ್ವಾಮಿ," ಅಂದು ಕೆಲಸ ಕಳೆದುಕೊಂಡರು. ಮನೆಗೆ ಬಂದು ಮೊಮ್ಮಗಳ ಕೈಗೆ ಸುಣ್ಣ ಹಚ್ಚಿ ಉಜ್ಜಿ ಉಜ್ಜಿ ತೊಳೆದರು. ಅವರ ಮಾತು ತೆಲುಗು: "ಚಾವು ತಾಕಿನ ಚೇಯಿ ಬಿಡ್ಡನಿ ತಾಕಕೂಡದಮ್ಮಾ." ಸಾವು ಮುಟ್ಟಿದ ಕೈ ಕೂಸನ್ನು ಮುಟ್ಟಬಾರದು. ಅವರಿಗೆ ಹುಳುವೂ ಕೂಸೇ.

"ಅದು ವೈರಸ್ಸು ಅಕ್ಕ," ಅಂದಳು ಹರಿಣಿ. "ಓದಿದೀನಿ. ನಾನು ಹೋಗೋದಕ್ಕೆ ಮುಂಚೇನೇ ಬಂದಿರತ್ತೆ."

"ಗೊತ್ತಲ್ಲ ಮತ್ತೆ. ನಂಬ್ತೀಯಾ ನೀನು ಇದನ್ನೆಲ್ಲ?"

"ನಂಬಲ್ಲ." ಅಂಗೈ ತಿರುಗಿಸಿ ನೋಡಿಕೊಂಡು, "ಅಜ್ಜಿಗೆ ನಾನೇ ಸ್ನಾನ ಮಾಡಿಸಿದ್ದು. ಕೈಯಲ್ಲಿ ಇನ್ನೂ ಅವ್ರ ಮೈ ತಣುಪಿದೆ. ಈಗ ಹೋಗಿ ಒಂದು ಮಗು ಎತ್ಕೊಂಡು, ಅದಕ್ಕೇನಾದ್ರೂ ಆದ್ರೆ, ಅವಾಗ ನಂಬಿಬಿಡ್ತೀನಿ. ಆಮೇಲೆ ಯಾವತ್ತೂ ಮುಟ್ಟಕ್ಕಾಗಲ್ಲ."

"ಬೇರೆ ವಾರ್ಡು ಕೇಳು."

"ಕೇಳ್ದೆ. ಕಾರಣ ಏನು ಅಂದ್ರು. ಹೇಳಕ್ಕೆ ಬಾಯಿ ಬರ್ಲಿಲ್ಲ. ಉಕ್ರೇನಲ್ಲಿ ಓದಿದೋಳು ಸೂತಕ ಅಂದ್ರೆ ನಗಲ್ವಾ?"

"ವರ್ಷ ಹೋಗತ್ತೆ ಕಣೇ."

"ಗೊತ್ತು."

ನಾನು ಲೆಕ್ಕಾಚಾರದ ಹೆಂಗಸು; ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡದೆ ಕತ್ತರಿಸುವವಳಲ್ಲ. ಇನ್ನಷ್ಟು ವಾದ ಹೂಡಬಹುದಿತ್ತು. ಆದರೆ ಅವಳು ತನ್ನ ಎರಡೂ ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು, ಒದ್ದೆ ಕೈಯನ್ನು ಎಲ್ಲಿ ಒರೆಸಬೇಕೆಂದು ತೋಚದವರ ಹಾಗೆ.

ಆ ಹನ್ನೊಂದು ದಿನದ ನಡುವೆ ಒಂದು ಬೆಳಿಗ್ಗೆ ಪುಸ್ತಕಗಳಿಗೆಂದು ಬಂದಳು. ಗೇಟಿನಿಂದ ಒಳಗೆ ಬರಲಿಲ್ಲ. ನನ್ನ ಸೊಂಟದ ಮೇಲಿದ್ದ ಪಾಪು ಅವಳನ್ನು ಕಂಡು ಕೇಕೆ ಹಾಕಿ, ಎರಡೂ ತೋಳು ಚಾಚಿ ಮುಂದಕ್ಕೆ ಬಗ್ಗಿತು. ಹರಿಣಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗು ಕಾದು, ಅವಳ ಮುಖವನ್ನೇ ನೋಡಿ, ತುಟಿ ಮಡಿಸಿ ಅಳತೊಡಗಿತು. ಪುಸ್ತಕಗಳನ್ನು ಗೇಟಿನ ಕಂಬದ ಮೇಲಿಟ್ಟೆ, ತೆಗೆದುಕೊಂಡು ಹೋದಳು. ಪಾಪು ಆ ದಿನವೆಲ್ಲ ಗೇಟಿನ ಕಡೆ ನೋಡಿ ಬೆಚ್ಚುತ್ತಿತ್ತು. ಅತ್ತೆ ದೃಷ್ಟಿ ತೆಗೆದರು. ನಾನು ಬೇಡ ಅನ್ನಲಿಲ್ಲ. ಹಾಗಂತ ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಅದರ ಕೆಳಗೆ 'ಯಾಕೆ?' ಎಂದೂ.

ಹನ್ನೊಂದು ದಿನ ಕಳೆದು ಅವಳು ವಾರ್ಡಿಗೆ ಹೋದ ದಿನ ಸಂಜೆ ಬೇಗ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದು ಮಗು ಹೋಯ್ತಂತೆ ಅಕ್ಕ, ನಾನಿಲ್ದಾಗ," ಅಂದಳು.

ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಎಲ್ಲರೂ ಇದ್ದರು, ದೊಡ್ಡ ಡಾಕ್ಟರೂ ಇದ್ದರು, ಆದರೂ ಉಳಿಯಲಿಲ್ಲ. ಹರಿಣಿ ಅನಸೂಯಮ್ಮನವರನ್ನು ಕೇಳಿದ್ದಾಳೆ: ಕೊನೆಗೆ ಯಾರ ಕೈಯಲ್ಲಿತ್ತು?

"ನನ್ನ ಕೈಯಲ್ಲೇ," ಅಂದರಂತೆ ಅನಸೂಯಮ್ಮ. "ನಮ್ಮನೇಲೇನೂ ಯಾರೂ ಸತ್ತಿರ್ಲಿಲ್ಲ ಕಣಮ್ಮ." ಅಷ್ಟು ಹೇಳಿ ಹಾಲಿನ ಬಟ್ಟಲು ತೊಳೆಯಲು ಹೋದರಂತೆ. ಅವರಿಗೆ ಎಲ್ಲ ಗೊತ್ತಿತ್ತು ಅನ್ನಿಸುತ್ತದೆ.

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿದೆ. ಅವಳಿಗೆ ಇದರಿಂದ ಸಮಾಧಾನವಾಗುತ್ತದೆ ಎಂದುಕೊಂಡೆ. ಆಗಲಿಲ್ಲ.

"ಮುಂಚೆ ಕಣ್ಮುಚ್ಚಿದ್ರೆ ಆಂಬುಲೆನ್ಸಿನ ಮಗು ಒಂದೇ ಬರ್ತಿತ್ತು," ಅಂದಳು. "ಈಗ ಇದೂ ಬರತ್ತೆ. ಇದರ ಮುಖ ನಾನು ನೋಡೇ ಇಲ್ಲ. ಮುಖ ಇಲ್ದೇನೇ ಬರತ್ತೆ."

ನಾನು ಪಾಪುವನ್ನು ಅವಳ ಕೈಗೆ ಕೊಟ್ಟುಬಿಟ್ಟೆ. ಗಟ್ಟಿಯಾಗಿ ಹಿಡಿದುಕೊಂಡಳು. ಮಗು ಅವಳ ಕಿವಿಯ ಓಲೆ ಎಳೆಯಿತು. ಅವಳು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಮಗುವಿನ ಬೆನ್ನ ಮೇಲೆ ಕಿವಿಯಿಟ್ಟು ಉಸಿರು ಕೇಳುತ್ತಿದ್ದಳು.

ಆಗಸ್ಟ್ ಮೊದಲಲ್ಲಿ ಪರೀಕ್ಷೆ ಬರೆದಳು. ಅರ್ಜಿ ಮುಂಚೆಯೇ ಹಾಕಿದ್ದಳಲ್ಲ. ಹಿಂದೊಂದು ವರ್ಷ ಇಂಟರ್ನ್‌ಶಿಪ್ಪಿನ ಕೊನೆಯ ದಿನವನ್ನು ಮುಂದಕ್ಕೆ ಹಾಕಿದ್ದರಂತೆ. ಈ ಸಲವೂ ಹಾಗಾದೀತು ಎಂಬ ಆಸೆ. ಇಂಟರ್ನ್‌ಶಿಪ್ ಮುಗಿದದ್ದು ಪರೀಕ್ಷೆಯ ನಂತರದ ವಾರದಲ್ಲಿ. ಫಲಿತಾಂಶ ಬಂದಾಗ ರಮೇಶ್‌ಬಾಬು ಮಂಡಿಯಿಂದ ಒಂದು ಮೊರದ ತುಂಬ ಸೇವಂತಿಗೆ ತಂದರು, ಅಷ್ಟು ಒಳ್ಳೆಯ ರ‍್ಯಾಂಕು. ಮಕ್ಕಳ ವಿಭಾಗ ಸಿಕ್ಕೇ ಸಿಗುತ್ತಿತ್ತು. ಆದರೆ ದಿನಾಂಕ ಮುಂದಕ್ಕೆ ಹೋಗಲಿಲ್ಲ. ಸಹಾಯವಾಣಿಯ ಹುಡುಗಿ ಬಹಳ ಮರ್ಯಾದೆಯಿಂದ, "ಈ ಸಾಲಿಗೆ ನೀವು ಅರ್ಹರಲ್ಲ ಮೇಡಮ್, ಮುಂದಿನ ಸಾಲಿಗೆ ಅರ್ಹರಿರ್ತೀರಿ," ಅಂದಳಂತೆ. ಹರಿಣಿ "ಥ್ಯಾಂಕ್ಸ್" ಹೇಳಿ ಫೋನಿಟ್ಟಳು. ಸೇವಂತಿಗೆ ಮೊರದಲ್ಲೇ ಇತ್ತು. ಅತ್ತೆ ಅದನ್ನು ದೇವರಿಗೂ, ಹೊಸ್ತಿಲಿಗೂ, ಕೊನೆಗೆ ಹಸುವಿಗೂ ಹಾಕಿದರು.

ಕೋಣೆ ಖಾಲಿ ಮಾಡುವ ದಿನ ಗಂಗರಾಜು ಅವರು ಸಾಮಾನಿನ ಗಾಡಿಯೊಂದಿಗೆ ಬಂದರು. ಹಾಸಿಗೆ, ಪುಸ್ತಕದ ಪೆಟ್ಟಿಗೆ ಎಲ್ಲ ಇಳಿಸಿ ಏರಿಸಿ ಆದ ಮೇಲೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅತ್ತೆ ಮಾತು ತೆಗೆದರು.

"ಅಷ್ಟೊಂದು ಓದಿ ಪಾಸಾಗಿ, ಸೀಟು ಯಾಕಪ್ಪ ತಪ್ಪೋಯ್ತು?"

"ಟೈಫಾಯ್ಡ್ ಬಂದ್ಬಿಡ್ತಮ್ಮ ಇವ್ಳಿಗೆ," ಅಂದರು ಗಂಗರಾಜು, ಲೋಟದೊಳಗೇ ನೋಡುತ್ತ. "ರಜ ಜಾಸ್ತಿ ಆಯ್ತು."

ಅವರು ಊರಲ್ಲೂ ಅದನ್ನೇ ಹೇಳಿದ್ದರೆಂದು ಆಮೇಲೆ ಗೊತ್ತಾಯಿತು. ಸೀಟು ಹೋದ ಸಂಕಟಕ್ಕಿಂತ, ಹೋದ ಕಾರಣವನ್ನು ಹೇಳುವ ಸಂಕಟವೇ ಅವರಿಗೆ ದೊಡ್ಡದಾಗಿತ್ತು. ಸೂತಕ ಮುಟ್ಟು ಮೈಲಿಗೆ ಅನ್ನುವುದನ್ನೆಲ್ಲ ಹೊಸಿಲಾಚೆ ಎಸೆದು ಬದುಕಿದ ಮನುಷ್ಯ.

ಮೆಟ್ಟಿಲಿಳಿದು ಬರುತ್ತಿದ್ದ ಹರಿಣಿ ಅಲ್ಲೇ ನಿಂತಳು. "ಟೈಫಾಯ್ಡ್ ಇಲ್ಲಮ್ಮ," ಅಂದಳು ಅತ್ತೆಗೆ. "ಅಜ್ಜಿ ಸತ್ರು. ಸೂತಕ ಅಂತ ನಾನೇ ಕೂಸುಗಳ ವಾರ್ಡಿಗೆ ಹೋಗ್ಲಿಲ್ಲ."

ಅತ್ತೆಯ ಮುಖ ಅರಳಿತು. "ಒಳ್ಳೇ ಕೆಲ್ಸ ಮಾಡ್ದೆ ಬಿಡಮ್ಮ! ನಮ್ಮ ಜನಾನೇ ಬಿಟ್ಬಿಟ್ಟವ್ರೆ ಇದನ್ನೆಲ್ಲ. ಹಸುಗೂಸು ಅಂದ್ರೆ ಸಾಮಾನ್ಯಾನಾ? ಸೀಟು ಇವತ್ತಲ್ಲ ನಾಳೆ ಬರತ್ತೆ. ನೋಡಪ್ಪ ಗಂಗರಾಜು, ಮಗಳ್ನ ಎಷ್ಟು ಚೆನ್ನಾಗಿ ಬೆಳೆಸಿದೀಯ!"

ಎರಡು ವರ್ಷದಲ್ಲಿ ಅತ್ತೆ ಅವರನ್ನು ಹೊಗಳಿದ್ದು ಅದೊಂದೇ ಸಲ. ಗಂಗರಾಜು ಅವರು ಲೋಟ ಕೆಳಗಿಟ್ಟರು. ಕಪಾಳಕ್ಕೆ ಹೊಡೆಸಿಕೊಂಡವರೂ ಹಾಗೆ ಕೂತಿರಲಾರರು.

ಹರಿಣಿ ಅಪ್ಪನ ಮುಖ ನೋಡಿದಳು. ಆಮೇಲೆ ಅತ್ತೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ದನಿ ಏರಿಸಲಿಲ್ಲ.

"ನಾನು ಮುಟ್ಟದೇ ಇದ್ದಾಗಲೇ ಒಂದು ಕೂಸು ಹೋಯ್ತಮ್ಮ. ನಾನು ಮನೇಲಿ ಕೂತಿದ್ದೆ. ಕೈ ಶುದ್ಧವಾಗಿತ್ತು."

ಅತ್ತೆ ಸೆರಗಿನ ತುದಿ ಎಳೆದುಕೊಂಡು ಒಳಗೆ ಹೋಗಿ, ಪಾಪು ಮಲಗಿದ್ದ ತೊಟ್ಟಿಲನ್ನು ಸುಮ್ಮನೆ ತೂಗತೊಡಗಿದರು. ಮಗು ಎಚ್ಚರವಾಗಿರಲಿಲ್ಲ, ತೂಗುವ ಅಗತ್ಯವೇ ಇರಲಿಲ್ಲ.

"ಹೋಗಣಮ್ಮ," ಅಂದರು ಗಂಗರಾಜು ಮಗಳಿಗೆ. ಗಾಡಿಗೆ ಹಗ್ಗ ಬಿಗಿಯುವಾಗ, ನನಗೆ ಮಾತ್ರ ಕೇಳುವ ಹಾಗೆ, "ಇವ್ಳು ಹೇಳ್ಬಿಟ್ಟಿದ್ದೇ ಒಳ್ಳೇದಾಯ್ತು ಮೇಡಮ್. ಸುಳ್ಳು ಹೇಳಿ ಹೇಳಿ ನಂಗೇ ಟೈಫಾಯ್ಡ್ ಬಂದಂಗಾಗಿತ್ತು," ಅಂದರು. ನಗಲು ನೋಡಿದರು.

ಈಗ ಹರಿಣಿ ಗೌರಿಬಿದನೂರಿನ ಒಂದು ಮಕ್ಕಳ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರು. ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರು ಎಂದರು ಅಪ್ಪ. ಕೂಸುಗಳಿಂದ ಒಂದು ವರ್ಷ ದೂರವಿದ್ದರೆ ಮತ್ತೆ ಹತ್ತಿರ ಹೋಗಲಾರೆ ಎಂದಳಂತೆ. ಡ್ಯೂಟಿ ಮುಗಿಸಿ ಓದುತ್ತಾಳೆ. ಮುಂದಿನ ಪರೀಕ್ಷೆಗೆ ದಿನಾಂಕದ ತೊಡಕಿಲ್ಲ.

ಹೋದ ವಾರ ಬೆಳಿಗ್ಗೆ, ನಾನು ಪಾಪುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಾಗ ಫೋನ್ ಮಾಡಿದಳು. ಅವಳ ಅಪ್ಪನ ಚಿಕ್ಕಪ್ಪ ಕೋನಪ್ಪ ತೀರಿಕೊಂಡಿದ್ದಾರೆ. ಹಿಂದಿನ ದಿನ ಮಣ್ಣಿಗೆ ಹೋಗಿ, ಕೈಯಾರೆ ಮಣ್ಣು ಹಾಕಿ, ಸ್ನಾನ ಮಾಡಿ ಬಸ್ಸು ಹತ್ತಿ ಬಂದಿದ್ದಾಳೆ.

"ವಾರ್ಡಿನ ಬಾಗಿಲಲ್ಲಿ ನಿಂತಿದೀನಿ ಅಕ್ಕ. ಒಳಗೆ ನಾಲ್ಕು ಕೂಸಿವೆ. ಒಂದು ನಿನ್ನೆ ಹುಟ್ಟಿದ್ದು, ಸ್ವಲ್ಪ ವೀಕು."

"ಕೈ ತೊಳ್ಕೊಂಡ್ಯಾ?" ಅಂದೆ.

"ತೊಳ್ಕೊಂಡೆ. ಎಲ್ಲಾರೂ ತೊಳ್ಕೊಳೋ ಅಷ್ಟೇ ತೊಳ್ಕೊಂಡೆ." ಉಸಿರು ಎಳೆದುಕೊಂಡದ್ದು ಕೇಳಿಸಿತು. "ಹೋಗ್ಲಾ?"

"ಹೋಗಮ್ಮ."

ಫೋನ್ ಕಟ್ ಮಾಡುವುದನ್ನು ಮರೆತಳೋ, ಬೇಕೆಂದೇ ಬಿಟ್ಟಳೋ ತಿಳಿಯದು. ಬಾಗಿಲು ತೆರೆದ ಸದ್ದು, ಯಾರೋ "ಬನ್ನಿ ಡಾಕ್ಟ್ರೇ" ಅಂದದ್ದು, ಆಮೇಲೆ ಬಹಳ ಸಣ್ಣಗೆ ಒಂದು ಕೂಸಿನ ಅಳು ಕೇಳಿಸಿತು. ಸರಿ ತಣ್ಣಗಾಗುತ್ತಿದ್ದರೂ ಕೇಳುತ್ತ ನಿಂತೆ. ಆ ಅಳು ನಿಂತಿತು. ಎತ್ತಿಕೊಂಡಳೆಂದು ನಿಂತಿತೋ ಏನೋ. ಫೋನೂ ಅಷ್ಟಕ್ಕೆ ಕಟ್ ಆಯಿತು.

ಆ ವೀಕು ಕೂಸು ಏನಾಯಿತೆಂದು ನಾನು ಇನ್ನೂ ಕೇಳಿಲ್ಲ. ಅವಳು ದಿನವೂ ಡ್ಯೂಟಿಗೆ ಹೋಗುತ್ತಿದ್ದಾಳೆ. ಅದನ್ನು ಮಾತ್ರ ಕೇಳುತ್ತೇನೆ, "ಹೊರಟ್ಯಾ?" ಎಂದು. "ಹೊರಟೆ ಅಕ್ಕ," ಅನ್ನುತ್ತಾಳೆ.